ಸೊನ್ನೆ, ನೂರ ಮೂವತ್ತೇಳು ಮತ್ತು ಸರಾಸರಿ

ಭದ್ರಾವತಿಯ ಗುಂಡಪ್ಪ ವಿಶ್ವನಾಥ್ ತಮ್ಮ ಮೊದಲ ಟೆಸ್ಟ್ ಪಂದ್ಯವನ್ನು 1969ರ ನವೆಂಬರ್‌ನಲ್ಲಿ ಕಾನ್ಪುರದಲ್ಲಿ ಆಸ್ಟ್ರೇಲಿಯಾ ವಿರುದ್ಧ ಆಡಿದರು. ಮೊದಲ ಇನಿಂಗ್ಸ್‌ನಲ್ಲಿ ಸೊನ್ನೆ, ಎರಡನೆಯದರಲ್ಲಿ 137. ಸರಾಸರಿ 68.5. ಎರಡು ಇನಿಂಗ್ಸ್‌ಗಳ ಪೈಕಿ ಯಾವುದರಲ್ಲೂ ಅವರು ಅದರ ಹತ್ತಿರಕ್ಕೂ ಬಂದಿರಲಿಲ್ಲ! ಸರಾಸರಿ ಸುಳ್ಳು ಹೇಳುವುದಿಲ್ಲ, ನಿಜ. ಆದರೆ ಅದನ್ನು ಓದುವ ಬಗೆ ತಿಳಿದಿರಬೇಕು.

ವಿದ್ಯಾರ್ಥಿಗಳೇ, ಒಂದು ಲೆಕ್ಕ ಮಾಡಿ. ವಿಶ್ವನಾಥ್ 91 ಟೆಸ್ಟ್‌ಗಳ 155 ಇನಿಂಗ್ಸ್‌ಗಳಲ್ಲಿ 6080 ರನ್ ಗಳಿಸಿದರು. ಭಾಗಿಸಿದರೆ 39.23. ದಾಖಲೆಯಲ್ಲಿರುವುದು ಮಾತ್ರ 41.93. ಹೇಗೆ? ಅವರು 10 ಬಾರಿ ಔಟಾಗದೆ ಉಳಿದಿದ್ದರು. ಕ್ರಿಕೆಟ್‌ನಲ್ಲಿ ಭಾಗಿಸುವುದು ಔಟಾದ ಸಂಖ್ಯೆಯಿಂದ, ಅಂದರೆ 145ರಿಂದ.

ಲೆಕ್ಕದ ನಿಯಮ ಬದಲಾದರೆ ಉತ್ತರವೂ ಬದಲಾಗುತ್ತದೆ. ಅಮೆರಿಕದ ವೃತ್ತಿಪರ ಬೇಸ್‌ಬಾಲ್‌ನ ಆರಂಭದ ದಿನಗಳಲ್ಲಿ ಹೀಗೇ ಆಯಿತು. ಅಲ್ಲಿ ಯಶಸ್ವಿ ಹೊಡೆತಗಳನ್ನು ಹೊಡೆಯಲು ಸಿಕ್ಕ ಅವಕಾಶಗಳಿಂದ ಭಾಗಿಸುತ್ತಾರೆ. ಎಸೆತಗಳು ಗುರಿ ತಪ್ಪಿ ಬಂದಾಗ ಆಟಗಾರನಿಗೆ ಹೊಡೆಯದೆಯೇ ಮೊದಲ ನೆಲೆ ಸಿಗುವುದುಂಟು. 1887ರಲ್ಲಿ, ಆ ಒಂದು ವರ್ಷ ಮಾತ್ರ, ಅದನ್ನೂ ಹೊಡೆತವೆಂದೇ ಎಣಿಸಿದರು. ಸೇಂಟ್ ಲೂಯಿಸ್ ತಂಡದ ಟಿಪ್ ಓನೀಲ್‌ನ ಸರಾಸರಿ ಆಗಿನ ದಾಖಲೆಯಲ್ಲಿ 0.492, ಇಂದಿನ ದಾಖಲೆಯಲ್ಲಿ 0.435. ಆಟಗಾರ ಅವನೇ, ಬ್ಯಾಟೂ ಅದೇ!

ಸರಾಸರಿಗೆ ಕಾಣದ ಇನ್ನೊಂದು ಸಂಗತಿ ಕಷ್ಟದ ಪ್ರಮಾಣ. 1975ರ ಜನವರಿಯಲ್ಲಿ ಮದ್ರಾಸಿನಲ್ಲಿ ವೆಸ್ಟ್ ಇಂಡೀಸ್‌ನ ಆಂಡಿ ರಾಬರ್ಟ್ಸ್ ಬೆಂಕಿಯಂತೆ ಬೌಲ್ ಮಾಡಿ 7 ವಿಕೆಟ್ ಕಿತ್ತರು. ಭಾರತ 190ಕ್ಕೆ ಆಲೌಟ್. ಅದರಲ್ಲಿ ವಿಶ್ವನಾಥ್ ಔಟಾಗದೆ 97. ಉಳಿದವರ ರನ್ನು, ಇತರೆ ರನ್ನು ಎಲ್ಲ ಕೂಡಿದರೂ 93! ಪಂದ್ಯವನ್ನು ಭಾರತ 100 ರನ್‌ಗಳಿಂದ ಗೆದ್ದಿತು. ಶತಕಗಳ ಪಟ್ಟಿಯಲ್ಲಿ ಈ ಆಟಕ್ಕೆ ಜಾಗವಿಲ್ಲ.

ನಮ್ಮ ಮೈಸೂರಿನ ಗಂಗೋತ್ರಿ ಮೈದಾನವೂ ಇಂಥದ್ದನ್ನು ಕಂಡಿದೆ. 2010ರ ಜನವರಿಯಲ್ಲಿ ಮುಂಬೈ ವಿರುದ್ಧದ ರಣಜಿ ಫೈನಲ್‌ನಲ್ಲಿ ಕರ್ನಾಟಕ ಮೊದಲು 130ಕ್ಕೆ ಕುಸಿಯಿತು. ಗೆಲ್ಲಲು 338 ಬೇಕಿದ್ದಾಗ ಮನೀಶ್ ಪಾಂಡೆ 144 ಹೊಡೆದರು. ತಂಡ 331 ಮುಟ್ಟಿತು. ಸೋಲು ಕೇವಲ 6 ರನ್‌ಗಳಿಂದ. ಫಲಿತಾಂಶದ ಪಟ್ಟಿಯಲ್ಲಿ ಉಳಿದದ್ದು 'ಸೋಲು' ಎಂಬ ಒಂದೇ ಪದ.

ತಂದೆ ತಾಯಂದಿರೇ, ಅಂಕಪಟ್ಟಿಯ ಕೊನೆಯ ಸಾಲಿನ ಶೇಕಡಾವಾರು ಕೂಡ ಒಂದು ಸರಾಸರಿಯೇ. ಗಣಿತದಲ್ಲಿ 35ರಿಂದ 55ಕ್ಕೆ ಏರಿದ ಮಗು ಸಮಾಜ ವಿಜ್ಞಾನದಲ್ಲಿ 20 ಅಂಕ ಇಳಿದಿದ್ದರೆ, ಆ ಸಾಲು ಇದ್ದಲ್ಲೇ ಇರುತ್ತದೆ. "ಏನೂ ಸುಧಾರಣೆಯಿಲ್ಲ" ಎಂದು ಗದರುವ ಮುನ್ನ ಮೇಲಿನ ಸಾಲುಗಳನ್ನೂ ಒಂದೊಂದಾಗಿ ಓದಿ. ಗಣಿತದಲ್ಲಿ ಏರಿದ್ದಕ್ಕೆ ಬೆನ್ನು ತಟ್ಟಿ. ಸಮಾಜ ವಿಜ್ಞಾನದಲ್ಲಿ ಏಕೆ ಇಳಿಯಿತೆಂದು ಮಗುವಿನ ಪಕ್ಕ ಕುಳಿತು ಕೇಳಿ.