ಮೂರೂರ ಮಣ್ಣಿನ ನಡುಗಡ್ಡೆ

ಯಲಹಂಕದಿಂದ ಬಾಗಲೂರು ದಾಟಿ ಏರೋಸ್ಪೇಸ್ ಪಾರ್ಕಿನ ಅಗಲ ರಸ್ತೆಗಳಿಗೆ ಹೊರಳಿದರೆ ಕಾಣುವುದು ಕಾರ್ಖಾನೆಗಳ ಶೆಡ್ಡು, ಕಾಂಪೌಂಡು, ತಲೆಯ ಮೇಲೆ ವಿಮಾನ. ಇವುಗಳ ನಡುವೆ, ಸಿಂಗಹಳ್ಳಿ ಬಳಿ, 40 ಎಕರೆಯಷ್ಟು ಕ್ರಿಕೆಟ್. ಸುತ್ತ ನೀರಿಲ್ಲ ಎಂಬುದೊಂದು ಬಿಟ್ಟರೆ ಬಿಸಿಸಿಐನ ‘ಸೆಂಟರ್ ಆಫ್ ಎಕ್ಸಲೆನ್ಸ್’ ನಡುಗಡ್ಡೆಯೇ ಸರಿ.

ಇದರ ಮೂಲವಾದ ರಾಷ್ಟ್ರೀಯ ಕ್ರಿಕೆಟ್ ಅಕಾಡೆಮಿ ಶುರುವಾದದ್ದು 2000ದಲ್ಲಿ. ಅದರ ಹಿಂದಿದ್ದವರು ರಾಜ್ ಸಿಂಗ್ ಡುಂಗರ್ಪುರ್. ಮುಂದೆ ಎರಡು ದಶಕಕ್ಕೂ ಹೆಚ್ಚು ಕಾಲ ಅದರ ಬಾಳುವೆ ಚಿನ್ನಸ್ವಾಮಿ ಕ್ರೀಡಾಂಗಣದಲ್ಲೇ, ಬಾಡಿಗೆ ಮನೆಯವರಂತೆ. ಸ್ವಂತ ಜಾಗ 2008ರಲ್ಲೇ ಗೊತ್ತಾಗಿದ್ದರೂ ಕಾನೂನು ತೊಡಕು ಬಿಡಿಸಿಕೊಂಡು ಶಂಕುಸ್ಥಾಪನೆಯಾಗಲು 2022ರ ಫೆಬ್ರುವರಿ ಬರಬೇಕಾಯಿತು. ಈ ನಡುವೆ ರಾಹುಲ್ ದ್ರಾವಿಡ್ ಅಕಾಡೆಮಿಯ ಮುಖ್ಯಸ್ಥರಾಗಿ ಬಂದು ಹೋಗಿದ್ದರು. 2024ರ ಸೆಪ್ಟೆಂಬರ್‌ನಲ್ಲಿ ಉದ್ಘಾಟನೆಯಾದಾಗ ಆ ಸ್ಥಾನದಲ್ಲಿದ್ದವರು ವಿ.ವಿ.ಎಸ್. ಲಕ್ಷ್ಮಣ್.

ಈ ಜಾಗದ ನಿಜವಾದ ಕುತೂಹಲ ಕಟ್ಟಡದಲ್ಲಿಲ್ಲ, ನೆಲದಲ್ಲಿದೆ. ಮೂರು ಮೈದಾನಗಳು. ಫ್ಲಡ್‌ಲೈಟ್ ಇರುವ ಮುಖ್ಯ ಮೈದಾನದಲ್ಲಿ 13 ಪಿಚ್‌ಗಳು. ಅವಕ್ಕೆ ಹಾಕಿದ್ದು ಮುಂಬೈ ಕಡೆಯ ಕೆಮ್ಮಣ್ಣು. ಉಳಿದೆರಡರಲ್ಲಿ 11 ಪಿಚ್ ನಮ್ಮ ಮಂಡ್ಯದ ಮಣ್ಣಿನವು, 9 ಒಡಿಶಾದ ಕಾಳಾಹಂಡಿಯಿಂದ ತಂದ ಎರೆಮಣ್ಣಿನವು. ಬೆಂಗಳೂರಿನ ಸುತ್ತ ಕೆಮ್ಮಣ್ಣಿಗೇನು ಬರವೇ ಎನ್ನಬಹುದು. ಪಿಚ್ಚಿಗೆ ಬಣ್ಣ ಸಾಲದು, ಜಿಗುಟು ಬೇಕು. ನೀರುಣಿಸಿ ರೋಲರ್ ಎಳೆದರೆ ಗಟ್ಟಿಯಾಗಿ ಕಚ್ಚಿಕೊಳ್ಳಬೇಕು. ಕೆಂಪು ಮಣ್ಣಿನಲ್ಲಿ ಚೆಂಡು ಎದೆಯೆತ್ತರ ಪುಟಿಯುತ್ತದೆ. ಎರೆ ತೇವ ಹಿಡಿದಿಟ್ಟುಕೊಳ್ಳುವುದರಿಂದ ಚೆಂಡು ತಡೆದು ಬರುತ್ತದೆ, ಕೆಳಗೇ ಉಳಿಯುತ್ತದೆ. ವಾಂಖೆಡೆಯ ಪುಟಿತಕ್ಕೂ ನಿಧಾನದ ಪಿಚ್ಚಿಗೂ ಒಂದೇ ಆವರಣದಲ್ಲಿ ಅಭ್ಯಾಸ ಮಾಡಬಹುದೆಂಬುದೇ ಇದರ ಲೆಕ್ಕಾಚಾರ. ಇದಲ್ಲದೆ ಅಭ್ಯಾಸಕ್ಕೇ 45 ಹೊರಾಂಗಣ ಪಿಚ್‌ಗಳು, ಈಜುಕೊಳ, ಗಾಯಾಳುಗಳ ಆರೈಕೆಯ ವ್ಯವಸ್ಥೆ.

ಇಲ್ಲದ್ದೆಂದರೆ ಗ್ಯಾಲರಿ. ಕಲಿಯುವ ಜಾಗಕ್ಕೆ ಅದೇಕೆ ಎಂದು ಕಟ್ಟುವಾಗ ಅನಿಸಿದ್ದು ಸಹಜ. ಆದರೆ 2025ರ ಜೂನ್ 4ರಂದು ಚಿನ್ನಸ್ವಾಮಿ ಹೊರಗಿನ ಕಾಲ್ತುಳಿತದಲ್ಲಿ 11 ಮಂದಿ ಸತ್ತ ಮೇಲೆ ಊರಿನ ದೊಡ್ಡ ಆಟ ಉತ್ತರಕ್ಕೆ ಸರಿಯಿತು. ಸೆಪ್ಟೆಂಬರ್‌ನಲ್ಲಿ ದುಲೀಪ್ ಟ್ರೋಫಿ ಫೈನಲ್ ನಡೆದದ್ದು ಇಲ್ಲೇ. ದಕ್ಷಿಣ ವಲಯವನ್ನು ಸೋಲಿಸಿದ ಮಧ್ಯ ವಲಯದ ನಾಯಕ ರಜತ್ ಪಾಟೀದಾರ್, ಆರ್‌ಸಿಬಿಗೆ ಮೊದಲ ಐಪಿಎಲ್ ಕಪ್ ತಂದುಕೊಟ್ಟ ಅದೇ ಪಾಟೀದಾರ್. ಅವರ ಹೆಸರಿಗೆ ಗಂಟಲು ಹರಿದುಕೊಳ್ಳುವ ಊರಿನಲ್ಲೇ, ಆ ಗದ್ದಲವಿಲ್ಲದೆ ಅವರು ಟ್ರೋಫಿ ಎತ್ತಿದರು.

ಡಿಸೆಂಬರ್ 24ರದ್ದು ಇನ್ನೂ ವಿಚಿತ್ರ. ವಿಜಯ್ ಹಜಾರೆ ಟ್ರೋಫಿಗೆ ಚಿನ್ನಸ್ವಾಮಿಯಲ್ಲಿ ಅನುಮತಿ ಸಿಗದೆ ದೆಹಲಿ–ಆಂಧ್ರ ಪಂದ್ಯ ಇಲ್ಲಿಗೆ ಬಂತು. ವಿರಾಟ್ ಕೊಹ್ಲಿ 131 ರನ್ ಹೊಡೆದರು. ಪ್ರೇಕ್ಷಕರಿಗೆ ಪ್ರವೇಶವಿರಲಿಲ್ಲ.

ಭದ್ರತೆಯ ಮಾತು ಒಪ್ಪತಕ್ಕದ್ದೇ. ಆದರೂ ಬೌಂಡರಿಯಾಚೆ ಒಂದು ಹುಲ್ಲಿನ ದಿಬ್ಬ, ಶಾಲಾ ಮಕ್ಕಳಿಗೆ ಮೀಸಲಾದ ನಾಲ್ಕೈದು ನೂರು ಜಾಗ ಮಾಡಿಕೊಡಲು 40 ಎಕರೆಯಲ್ಲಿ ಸ್ಥಳದ ಕೊರತೆಯಂತೂ ಇಲ್ಲ.