ಯಾವ ಕೋಷ್ಟಕ ಎಷ್ಟು ಜಾಗ ಹಿಡಿದಿದೆ?

ಡಿಸ್ಕ್ ತುಂಬಿದರೆ ದತ್ತಸಂಚಯ, ಅಂದರೆ ಡೇಟಾಬೇಸ್, ಹೊಸದೇನನ್ನೂ ಬರೆದುಕೊಳ್ಳಲಾರದು. ಜಾಗವನ್ನೆಲ್ಲ ನುಂಗಿದ ಕೋಷ್ಟಕ ಯಾವುದೆಂದು ಆಗ ಹುಡುಕಬೇಕಾಗುತ್ತದೆ. ಇದಕ್ಕೆ ಲಂಡನ್ನಿನಲ್ಲಿಯೇ ಹುಟ್ಟಿದ ಒಳ್ಳೆಯ ನಿದರ್ಶನವೊಂದಿದೆ. 2004ರಲ್ಲಿ ಸ್ಟೀವ್ ಕೋಸ್ಟ್ ಆರಂಭಿಸಿದ ಓಪನ್‌ಸ್ಟ್ರೀಟ್‌ಮ್ಯಾಪ್ ಯಾರು ಬೇಕಾದರೂ ತಿದ್ದಬಹುದಾದ ಭೂಪಟ. 2009ರ ಏಪ್ರಿಲ್‌ನಿಂದ ಅದರ ಮೂಲ ದತ್ತಸಂಚಯ ಪೋಸ್ಟ್‌ಗ್ರೆಸ್ ತಂತ್ರಾಂಶದಲ್ಲಿದೆ. ಕೋಷ್ಟಕಗಳ ರಚನೆಯನ್ನು ಯಾರಾದರೂ ನೋಡಬಹುದು.

ಈ ಭೂಪಟದಲ್ಲಿ ರಸ್ತೆಯೆಂದರೆ ಬಿಂದುಗಳ ಸರಣಿ. ಯಾವ ಬಿಂದು ಯಾವ ರೇಖೆಯಲ್ಲಿ ಎಷ್ಟನೆಯದು ಎಂಬುದನ್ನು ‘ವೇ_ನೋಡ್ಸ್’ ಎಂಬ ಕೋಷ್ಟಕ ಹಿಡಿದಿಟ್ಟಿದೆ. ಒಂದು ಸಾಲಿನಲ್ಲಿರುವುದು ನಾಲ್ಕೇ ಸಂಖ್ಯೆಗಳು. ನೋಡಿದರೆ ಬಡಪಾಯಿ ಕೋಷ್ಟಕ. ಆದರೆ ತಿದ್ದಿದ ಪ್ರತಿ ಸಲವೂ ಹಳೆಯ ಆವೃತ್ತಿ ಹಾಗೆಯೇ ಉಳಿದು, ಹೊಸದು ಇಡಿಯಾಗಿ ಸೇರುತ್ತದೆ. ಥೇಮ್ಸ್ ದಡದ ಆಲ್ಬರ್ಟ್ ಎಂಬ್ಯಾಂಕ್‌ಮೆಂಟ್‌ನಲ್ಲಿ 2015ರ ನವೆಂಬರ್ 14ರಂದು ಅನಾವರಣಗೊಂಡ ಬಸವೇಶ್ವರರ ಪ್ರತಿಮೆಯನ್ನು ಒಂದು ಬಿಂದುವಾಗಿ ಗುರುತಿಸಿ, ಆಮೇಲೆ ಅದಕ್ಕೆ ಕನ್ನಡದ ಹೆಸರು ಸೇರಿಸಿದಿರೆನ್ನಿ: ಬಿಂದುವಿನದೊಂದು ಸಾಲು, ಅದರ ವಿವರಗಳ ಕೆಲವು ಸಾಲು ಹೆಚ್ಚುತ್ತವೆ, ಅಷ್ಟೆ. ಇನ್ನೂರು ಬಿಂದುಗಳ ರಸ್ತೆಗೆ ಕನ್ನಡದ ಹೆಸರು ಸೇರಿಸಿದರೋ, ರಸ್ತೆ ಅಂಗುಲವೂ ಅಲುಗದಿದ್ದರೂ ವೇ_ನೋಡ್ಸ್‌ಗೆ ಇನ್ನೂರು ಸಾಲುಗಳು ಹೊಸದಾಗಿ ಬಂದು ಕೂರುತ್ತವೆ. ಮೇಲುನೋಟದ ಅಂದಾಜು ಇಂಥಲ್ಲಿ ಕೈಕೊಡುತ್ತದೆ.

ಸಾಲುಗಳನ್ನು ಎಣಿಸುವುದೂ ಅಷ್ಟಕ್ಕಷ್ಟೆ. ದೊಡ್ಡ ಕೋಷ್ಟಕದಲ್ಲಿ ಆ ಕೆಲಸ ನಿಧಾನ, ಸಾಲಿನ ಗಾತ್ರವೂ ಅದರಿಂದ ತಿಳಿಯದು. ಪೋಸ್ಟ್‌ಗ್ರೆಸ್ ತನ್ನ ಕೋಷ್ಟಕಗಳ ಪಟ್ಟಿಯನ್ನು ‘ಪಿಜಿ_ಕ್ಲಾಸ್’ನಲ್ಲಿ ಇಟ್ಟುಕೊಂಡಿರುತ್ತದೆ. ಅಲ್ಲಿನ ಪ್ರತಿ ಕೋಷ್ಟಕವನ್ನೂ ‘ಪಿಜಿ_ಟೋಟಲ್_ರಿಲೇಶನ್_ಸೈಜ್’ನಿಂದ ಅಳೆದು, ದೊಡ್ಡದು ಮೊದಲು ಬರುವಂತೆ ಜೋಡಿಸಬೇಕು. ‘ಟೋಟಲ್’ ಎಂಬ ಪದವನ್ನು ಬಿಟ್ಟರೆ ಮುಖ್ಯ ಕಡತದ ಅಳತೆಯಷ್ಟೇ ಸಿಗುತ್ತದೆ. ಸೂಚಿಗಳೂ, ಉದ್ದನೆಯ ಮೌಲ್ಯಗಳನ್ನು ಬೇರೆಯಾಗಿಡುವ ‘ಟೋಸ್ಟ್’ ಕೋಷ್ಟಕವೂ ಲೆಕ್ಕದಿಂದ ಹೊರಗುಳಿಯುತ್ತವೆ. ವೇ_ನೋಡ್ಸ್‌ಗೆ ಎರಡು ಸೂಚಿಗಳಿವೆ: ಒಂದು ರೇಖೆಯಿಂದ ಬಿಂದುಗಳನ್ನು ಹುಡುಕಲು, ಇನ್ನೊಂದು ಬಿಂದುವಿನಿಂದ ರೇಖೆಗಳನ್ನು ಹುಡುಕಲು. ಸಾಲು ಇಷ್ಟು ಕಿರಿದಾಗಿರುವಾಗ ಒಟ್ಟು ಗಾತ್ರದಲ್ಲಿ ಸೂಚಿಗಳ ಪಾಲು ಸಣ್ಣದಲ್ಲ.

ಓಪನ್‌ಸ್ಟ್ರೀಟ್‌ಮ್ಯಾಪ್ ತನ್ನ ಇತಿಹಾಸವನ್ನು ಉಳಿಸಿಕೊಳ್ಳುತ್ತದೆ; ನಿಮ್ಮ ದತ್ತಸಂಚಯದಲ್ಲಿ ಹಳೆಯ ಸಾಲುಗಳನ್ನು ಅಳಿಸಲು ಅಡ್ಡಿಯಿರಲಾರದು. ಆದರೂ ಅಳಿಸಿದೊಡನೆ ಡಿಸ್ಕಿನಲ್ಲಿ ಜಾಗ ತೆರವಾಗದು. ‘ವ್ಯಾಕ್ಯೂಮ್’ ಆದೇಶ ಆ ಜಾಗವನ್ನು ಸಾಮಾನ್ಯವಾಗಿ ಅದೇ ಕೋಷ್ಟಕದ ಮರುಬಳಕೆಗೆ ಬಿಡುತ್ತದೆ. ಡಿಸ್ಕಿಗೆ ಮರಳಿಸುವುದು ‘ವ್ಯಾಕ್ಯೂಮ್ ಫುಲ್’. ಅದು ಕೋಷ್ಟಕಕ್ಕೆ ಬೀಗ ಹಾಕಿ, ಉಳಿದ ಸಾಲುಗಳ ಹೊಸ ಪ್ರತಿಯನ್ನು ಬರೆದು, ಆಮೇಲೆ ಹಳೆಯದನ್ನು ತೆಗೆಯುತ್ತದೆ. ಡಿಸ್ಕ್ ಪೂರ್ತಿ ತುಂಬಿದ ದಿನ ಆ ಹೊಸ ಪ್ರತಿಗೇ ಜಾಗವಿರುವುದಿಲ್ಲ.