ಪಾದದ ಮೇಲಿನ ನಾಡಿ

ಮಠದ ಬಾಗಿಲಲ್ಲಿ ಕಾಲು ತೊಳೆದು ಒಳಬರುವುದು ನಮ್ಮೆಲ್ಲರ ರೂಢಿ. ಆದರೆ ಆ ಹೊತ್ತಿನಲ್ಲಿ ಕಾಲಿನ ಹರಡನ್ನು, ಅಂದರೆ ಕಣಕಾಲೂ ಪಾದವೂ ಕೂಡುವ ಕೀಲನ್ನು, ಗಮನಿಸಿ ನೋಡುವವರು ವಿರಳ. ಈ ಕೀಲಿನ ಮುಂಭಾಗದಲ್ಲಿ ಮಾಂಸ ಕಡಿಮೆ. ಎಲುಬು, ಸ್ನಾಯುರಜ್ಜು, ರಕ್ತನಾಳಗಳು ಚರ್ಮದ ಕೆಳಗೇ ಇರುವುದರಿಂದ ಅವುಗಳನ್ನು ಬೆರಳಿನಿಂದಲೇ ಗುರುತಿಸಬಹುದು.

ಆಯುರ್ವೇದದಲ್ಲಿ ಇದಕ್ಕೆ ಗುಲ್ಫವೆಂದು ಹೆಸರು. ಸುಶ್ರುತ ಸಂಹಿತೆಯ ಶಾರೀರಸ್ಥಾನವು ಎಣಿಸಿರುವ 107 ಮರ್ಮಗಳಲ್ಲಿ ಎರಡೂ ಕಾಲುಗಳ ಗುಲ್ಫಗಳು ಸೇರಿವೆ. ಎರಡು ಅಂಗುಲ ಪ್ರಮಾಣದ ಈ ಸಂಧಿಮರ್ಮಕ್ಕೆ ಪೆಟ್ಟಾದರೆ ನೋವು, ಕಾಲು ಸೆಟೆಯುವಿಕೆ, ಕುಂಟುತನ ಉಂಟಾಗುತ್ತವೆಂದು ಅಲ್ಲಿ ಹೇಳಿದೆ.

ಈಗ ಕುಳಿತು ನಿಮ್ಮ ಕಾಲನ್ನೇ ನೋಡಿ. ಎರಡು ಪಕ್ಕಗಳಲ್ಲಿ ಎರಡು ಎಲುಬಿನ ಉಬ್ಬುಗಳಿವೆ. ಹೊರಗಿನ ಉಬ್ಬು ಒಳಗಿನದಕ್ಕಿಂತ ಸುಮಾರು ಒಂದು ಸೆಂಟಿಮೀಟರ್ ಕೆಳಗಿರುತ್ತದೆ. ಒಳ ಉಬ್ಬಿನ ಮುಂದೆ ನೀಲಿಯಾಗಿ ಮೇಲಕ್ಕೆ ಸಾಗುವುದು ಅಶುದ್ಧ ರಕ್ತದ ನಾಳ. ಪಾದವನ್ನು ಮೇಲಕ್ಕೆತ್ತಿದರೆ ಒಳಬದಿಯಲ್ಲಿ ದಪ್ಪನೆಯ ರಜ್ಜುವೊಂದು ಹಗ್ಗದಂತೆ ಎದ್ದು ನಿಲ್ಲುತ್ತದೆ. ಹೆಬ್ಬೆರಳನ್ನು ಮಾತ್ರ ಎತ್ತಿದರೆ ಅದರ ಪಕ್ಕದ ಎರಡನೆಯದು, ಉಳಿದ ಬೆರಳುಗಳನ್ನು ಎತ್ತಿದರೆ ನಾಲ್ಕಾಗಿ ಹರಡುವ ಮೂರನೆಯದು ಕಾಣುತ್ತದೆ. ನಮ್ಮ ಕೊಣನೂರಿನ ತೂಗುಸೇತುವೆಯ ಮೇಲೆ ಕಾವೇರಿಯನ್ನು ದಾಟುವಾಗ ಅಲುಗುವ ಹಲಗೆಯಲ್ಲಿ ಪಾದವನ್ನು ಸ್ಥಿರವಾಗಿಡಲು ಈ ರಜ್ಜುಗಳೇ ದುಡಿಯುತ್ತವೆ.

ಎರಡನೆಯ ಮತ್ತು ಮೂರನೆಯ ರಜ್ಜುಗಳ ನಡುವೆ ಶುದ್ಧ ರಕ್ತದ ನಾಳವೊಂದು ಪಾದಕ್ಕಿಳಿಯುತ್ತದೆ. ಹೆಬ್ಬೆರಳಿನ ರಜ್ಜುವಿನ ಹೊರಬದಿಯಲ್ಲಿ, ಪಾದದ ಮೇಲ್ಭಾಗದ ನಡುವೆ, ತೋರುಬೆರಳು ಮತ್ತು ನಡುಬೆರಳುಗಳನ್ನು ಹಗುರವಾಗಿ ಇಟ್ಟರೆ ಅದರ ಮಿಡಿತ ತಿಳಿಯುತ್ತದೆ. ಒತ್ತಿ ಹಿಡಿದರೆ ಮಿಡಿತ ಅಡಗುತ್ತದೆ. ಆರೋಗ್ಯವಂತರಲ್ಲಿಯೂ ಕೆಲವರಿಗೆ ಇಲ್ಲಿ ನಾಡಿ ಸಿಗುವುದಿಲ್ಲ. ಆಗ ಒಳ ಉಬ್ಬಿನ ಹಿಂದೆ, ಹಿಮ್ಮಡಿಯ ಕಡೆಗೆ ನೋಡಬೇಕು. ಎರಡೂ ಕಡೆ ಸಿಗದಿದ್ದರೆ ಪಾದಕ್ಕೆ ರಕ್ತ ಸಾಲದೆಂಬ ಸಂಶಯ ಪಡಬೇಕು.

ಹಲವು ವರ್ಷಗಳ ಹಿಂದೆ ಹೊಗೆಸೊಪ್ಪು ಬೆಳೆಯುವ ರೈತರೊಬ್ಬರು ಕಾಲ್ಬೆರಳಿನ ಹುಣ್ಣಿಗೆ ಔಷಧಿ ಕೇಳಿ ಬಂದಿದ್ದರು. ಅವರಿಗೆ ಮಧುಮೇಹವಿತ್ತು, ಬೀಡಿಯ ಚಟವೂ ಇತ್ತು. ನಾವು ಕೈಯ ನಾಡಿ ನೋಡಿ ಲೇಪ ಕೊಟ್ಟೆವು. ಪಾದದ ನಾಡಿಯನ್ನು ಮುಟ್ಟಲಿಲ್ಲ. ಹತ್ತು ದಿನಗಳ ನಂತರ ಬೆರಳು ಕಪ್ಪಾಗಿತ್ತು. ಆಗ ಮುಟ್ಟಿ ನೋಡಿದರೆ ಎರಡೂ ಕಡೆ ಮಿಡಿತವಿರಲಿಲ್ಲ. ಕೂಡಲೇ ಹಾಸನಕ್ಕೆ ಕಳುಹಿಸಿದೆವು. ಪಾದ ಉಳಿಯಿತು, ಬೆರಳು ಉಳಿಯಲಿಲ್ಲ. ಆ ತಪ್ಪು ನಮ್ಮದು. ಅಂದಿನಿಂದ ಪಾದವನ್ನು ಮುಟ್ಟದೆ ನಾವು ಯಾವ ಹುಣ್ಣಿಗೂ ಔಷಧಿ ಕೊಟ್ಟಿಲ್ಲ.

ರಕ್ತ ತಲುಪದ ಕಡೆ ಯಾವ ಲೇಪವೂ ಹುಣ್ಣನ್ನು ಮಾಯಿಸಲಾರದು. ಮಧುಮೇಹವುಳ್ಳವರೂ ಹೊಗೆಸೊಪ್ಪು ಬಳಸುವವರೂ ನಿತ್ಯ ಪಾದಗಳನ್ನು ಪರೀಕ್ಷಿಸಿಕೊಳ್ಳಬೇಕು. ಸ್ವಲ್ಪ ದೂರ ನಡೆದೊಡನೆ ಮೀನಖಂಡ ಹಿಡಿದುಕೊಂಡು, ನಿಂತರೆ ಸರಿಹೋಗುವುದು, ಒಂದು ಪಾದ ಮಾತ್ರ ತಣ್ಣಗಿರುವುದು, ಗಾಯ ಬೇಗ ಮಾಯದಿರುವುದು ಇವು ಎಚ್ಚರಿಕೆಯ ಲಕ್ಷಣಗಳು. ಆಸ್ಪತ್ರೆಯಲ್ಲಿ ಹರಡಿನ ರಕ್ತದೊತ್ತಡವನ್ನು ತೋಳಿನ ಒತ್ತಡದಿಂದ ಭಾಗಿಸಿ ನೋಡುತ್ತಾರೆ, ಅದು 0.9ಕ್ಕಿಂತ ಕಡಿಮೆಯಾದರೆ ನಾಳ ಕಿರಿದಾಗಿದೆಯೆಂದು ತಿಳಿಯುತ್ತಾರೆ. ನಾಡಿ ಸಿಗದ ಕಾಲಿಗೆ ಬಿಸಿ ಶಾಖ ಕೊಡಬೇಡಿ, ಬಲವಾಗಿ ತಿಕ್ಕಬೇಡಿ; ತಡಮಾಡದೆ ವೈದ್ಯರಲ್ಲಿಗೆ ಹೋಗಿ.

ಇನ್ನು ಮುಂದೆ ಕಾಲು ತೊಳೆದ ಮೇಲೆ ಒಂದು ಕ್ಷಣ ಬೆರಳನ್ನು ಪಾದದ ಮೇಲಿಡಿ. ಮನೆಯ ಹಿರಿಯರ ಪಾದವನ್ನೂ ಹಾಗೆಯೇ ಮುಟ್ಟಿ ನೋಡಿ.